ಹೊಗೆ ಇಲ್ಲದೆ ಹೊಟ್ಟೆ ತುಂಬೀತೇ?

'ಬೆಂಕಿಯಿಲ್ಲದೆ ಹೊಗೆಯಾಡದು' ಅಂತ ಕನ್ನಡದಲ್ಲಿ ಗಾದೆ. 'ನಿಪ್ಪು ಲೇನಿದೇ ಪೊಗ ರಾದು' ಅಂತ ತೆಲುಗಿನಲ್ಲಿ. ನಮ್ಮ ರಾಯದುರ್ಗದ ಕಡೆ ಎರಡೂ ಗಾದೆ ಒಂದೇ ಬಾಯಲ್ಲಿ ಬರುತ್ತವೆ. ಹಳಗನ್ನಡದ 'ಪೊಗೆ' ನಮಗೆ 'ಹೊಗೆ' ಆಯಿತು, ತೆಲುಗಿನವರಿಗೆ 'ಪೊಗ' ಆಗಿಯೇ ಉಳಿಯಿತು. 'ಉಕ್ಕು' ಅನ್ನೋ ಮಾತಂತೂ ಎರಡು ಭಾಷೆಗೂ ಒಂದೇ. ಈ ಹೊಗೆಗೂ ಉಕ್ಕಿಗೂ, ಅಂದರೆ ಕಾರ್ಖಾನೆಯ ಇಂಗಾಲಕ್ಕೂ ದೇಶದ ಸಿರಿಗೂ ಇರುವ ನಂಟು ಬಿಡಿಸಲಾಗದ್ದೋ, ಬಿಡಿಸಬಹುದಾದದ್ದೋ? ದೊಡ್ಡ ದೇಶಗಳ ಸಭೆಗಳಲ್ಲಿ ಇದೇ ಚರ್ಚೆ ನಡೆದಿದೆ.

ದೊಡ್ಡವರ ಮಾತು ನಮಗೇಕೆ ಅಂತ ಬಿಡುವ ಹಾಗಿಲ್ಲ. ಬಳ್ಳಾರಿಯಿಂದ ಹೊಸಪೇಟೆ ದಾರಿ ಹಿಡಿದರೆ ಮೊದಲು ಕುಡಿತಿನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರ, ಮುಂದೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಇತ್ತ ಮಡಕಶಿರಾ ಸೀಮೆಯ ಪಕ್ಕದ ಪಾವಗಡದಲ್ಲಿ ಹದಿಮೂರು ಸಾವಿರ ಎಕರೆ ತುಂಬ ಸೋಲಾರ್ ಹಲಗೆಗಳು. ಒಂದು ಕಡೆ ಹಳೇ ಬೆಂಕಿ, ಇನ್ನೊಂದು ಕಡೆ ಹೊಸ ಬಿಸಿಲು. ನಡುವೆ ನಮ್ಮ ಶೇಂಗಾ ಹೊಲ.

ನಮ್ಮ ಅಣ್ಣನ ಮಗ ತೋರಣಗಲ್ಲಿನ ಕಡೆ ಗುತ್ತಿಗೆದಾರರೊಬ್ಬರ ಹತ್ತಿರ ಕೆಲಸಕ್ಕಿದ್ದಾನೆ. ಅವನ ಸಂಬಳ ಬಂದರೆ ಮನೆಗೆ ಬೀಜ, ಗೊಬ್ಬರ ಬರ್ತದೆ. "ಚಿಕ್ಕಪ್ಪ, ಆ ಚಿಮಣಿ ಹೊಗೆ ನಿಂತ್ರೆ ನಮ್ಮನೆ ಒಲಿ ಹೊಗೀನೂ ನಿಲ್ತದೆ ನೋಡು" ಅಂತಾನೆ ಅವನು. ಪಕ್ಕದ ಹೊಲದ ಹಿರಿಯರದ್ದು ಬೇರೆ ಮಾತು: "ಮಳೆ ಕೆಟ್ಟಿದ್ದೇ ಈ ಹೊಗೆಯಿಂದ ಕಣಪ್ಪ." ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ. ನಾನು ಎಸ್ಸೆಸ್ಸೆಲ್ಸಿ ಓದಿದ ರೈತ, ಎರಡು ಭಾಷೆಯಲ್ಲಿ ಪದ್ಯ ಕಟ್ಟೋನು. ಆದರೆ ಹೊಲ ಮಾಡುವವನಿಗೆ ಕೂಡೋದು ಕಳೆಯೋದು ಬಿಟ್ಟರೆ ಬದುಕಿಲ್ಲ. ಆ ಲೆಕ್ಕದಲ್ಲೇ ಈ ವಿಷಯ ನೋಡೋಣ.

ಕಣ್ಣಿಗೆ ಕಾಣದ ಹೊಗೆ

ಮೊದಲು ಒಂದು ಮಾತು ಬಿಡಿಸಿಕೊಳ್ಳಬೇಕು. ಚಿಮಣಿಯಿಂದ ಕಪ್ಪಗೆ, ಬೆಳ್ಳಗೆ ಮೇಲೇಳುವುದು ಬಹುಮಟ್ಟಿಗೆ ಮಸಿ, ಬೂದಿ, ನೀರಿನ ಹಬೆ. ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಶಾಲೆಯಲ್ಲಿ ನಾವು ಅದನ್ನು ಇಂಗಾಲಾಮ್ಲ ಅಂತ ಓದಿದ್ದೆವು. ಕಣ್ಣಿಗೆ ಕಾಣುವ ಹೊಗೆಗೆ ಜನ ಕೆಮ್ಮುತ್ತಾರೆ, ಗಲಾಟೆ ಮಾಡುತ್ತಾರೆ, ಸರ್ಕಾರ ಕಾನೂನು ತರುತ್ತದೆ. 1952ರ ಡಿಸೆಂಬರಿನಲ್ಲಿ ಲಂಡನ್ ಪಟ್ಟಣವನ್ನು ಕಲ್ಲಿದ್ದಲ ಹೊಗೆ ಮುಸುಕಿ ಸಾವಿರಾರು ಜನ ಸತ್ತರು. 1956ರಲ್ಲಿ ಅಲ್ಲಿ ಶುದ್ಧಗಾಳಿಯ ಕಾನೂನು ಬಂತು, ಮಸಿ ಕಡಿಮೆಯಾಯಿತು. ಇಂಗಾಲಕ್ಕೆ ಹೀಗೆ ಯಾರೂ ಕೆಮ್ಮುವುದಿಲ್ಲ. 'ಮೊದಲು ಶ್ರೀಮಂತರಾಗೋಣ, ಆಮೇಲೆ ಗಾಳಿ ತಾನಾಗಿ ಶುದ್ಧವಾಗ್ತದೆ' ಅನ್ನುವ ಮಾತು ಮಸಿಯ ವಿಷಯದಲ್ಲಿ ಸ್ವಲ್ಪ ನಡೆದೀತು, ಇಂಗಾಲದ ವಿಷಯದಲ್ಲಿ ತಾನಾಗಿ ನಡೆಯುವುದಿಲ್ಲ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಈ ಅನಿಲ ಇತ್ತು. ಈಗ 420 ದಾಟಿದೆ.

ಉಕ್ಕು ಮಾಡುವಾಗ ಇದು ಯಾಕೆ ಇಷ್ಟು ಬರ್ತದೆ? ಬರೀ ಶಾಖಕ್ಕಾಗಿ ಕಲ್ಲಿದ್ದಲು ಸುಡ್ತಾರೆ ಅಂತ ನಾನೂ ನೀವೂ ಅಂದುಕೊಳ್ಳುವುದು ಸಹಜ. ಅಷ್ಟೇ ಅಲ್ಲ. ಸಂಡೂರಿನ ಕೆಂಪು ಅದಿರೆಂದರೆ ಕಬ್ಬಿಣಕ್ಕೆ ಆಮ್ಲಜನಕ ಅಂಟಿಕೊಂಡ ಕಲ್ಲು. ಶುದ್ಧ ಹೆಮಟೈಟ್ ನೂರು ಕಿಲೋ ತಗೊಂಡರೆ ಅದರಲ್ಲಿ ಕಬ್ಬಿಣ 70 ಕಿಲೋ, ಆಮ್ಲಜನಕ 30 ಕಿಲೋ. ಆ ಆಮ್ಲಜನಕವನ್ನು ಕಿತ್ತು ಒಯ್ಯಲು ಏನಾದರೂ ಬೇಕು. ಊದುಕುಲುಮೆಯಲ್ಲಿ ಆ ಕೆಲಸ ಮಾಡುವುದು ಕೋಕ್, ಅಂದರೆ ಕಲ್ಲಿದ್ದಲಿನ ಇಂಗಾಲ. ಅದಿರಿನ ಆಮ್ಲಜನಕ ಕಟ್ಟಿಕೊಂಡು ಇಂಗಾಲ ಗಾಳಿಗೆ ಹೋಗ್ತದೆ, ಕಬ್ಬಿಣ ಕೆಳಗೆ ಉಳೀತದೆ. ಹಾಗಾಗಿ ಕುಲುಮೆಗೆ ಎಷ್ಟೇ ಒಳ್ಳೆಯ ಜಾಲರಿ ಹಾಕಿದರೂ ಧೂಳು ನಿಂತೀತು, ಇಂಗಾಲ ನಿಲ್ಲುವುದಿಲ್ಲ. ಕೇಂದ್ರ ಉಕ್ಕು ಸಚಿವಾಲಯದ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಸುಮಾರು ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇದು ಜಗತ್ತಿನ ಸರಾಸರಿಗಿಂತ ಜಾಸ್ತಿ.

ಸಿಮೆಂಟಿನದ್ದೂ ಇದೇ ಕಥೆ. ಸುಣ್ಣದ ಭಟ್ಟಿ ಕಂಡವರಿಗೆ ಗೊತ್ತು: ಹಾಕಿದ ಕಲ್ಲಿನ ತೂಕ ತೆಗೆದ ಸುಣ್ಣದಲ್ಲಿ ಇರುವುದಿಲ್ಲ. ನೂರು ಕಿಲೋ ಶುದ್ಧ ಸುಣ್ಣದಕಲ್ಲು ಸುಟ್ಟರೆ ಸುಟ್ಟ ಸುಣ್ಣ 56 ಕಿಲೋ. ಉಳಿದ 44 ಕಿಲೋ ಇಂಗಾಲಾಮ್ಲವಾಗಿ ಗಾಳಿ ಸೇರ್ತದೆ. ಸೌದೆಯದ್ದೋ ಕಲ್ಲಿದ್ದಲಿನದ್ದೋ ಹೊಗೆ ಬೇರೆ. ಇನ್ನು ಕರೆಂಟು. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಿದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ನಮ್ಮ ಐದು ಎಚ್‌ಪಿ ಮೋಟಾರು ಏಳು ತಾಸು ಓಡಿದರೆ 26 ಯೂನಿಟ್. ಅಷ್ಟೂ ಕಲ್ಲಿದ್ದಲ ಕರೆಂಟೇ ಆದರೆ ನಮ್ಮ ಬೋರಿಗೂ ದಿನಕ್ಕೆ ಕಾಲು ಕ್ವಿಂಟಲ್ ಹೊಗೆಯ ಲೆಕ್ಕ ಉಂಟು. ಹೊಗೆ ಕಾರ್ಖಾನೆಯವರದ್ದು ಮಾತ್ರ ಅಂತ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಮನೆ ಒಲೆಯ ಲೆಕ್ಕ

ಜಪಾನಿನ ಯೋಇಚಿ ಕಾಯಾ ಅನ್ನುವ ಪಂಡಿತರು ಈ ನಂಟನ್ನು ನಾಲ್ಕು ಸಂಖ್ಯೆಗಳ ಗುಣಾಕಾರ ಮಾಡಿ ತೋರಿಸಿದ್ದಾರೆ. ನಮ್ಮ ಅಡುಗೆಮನೆಗೆ ಒಗ್ಗಿಸಿ ಹೇಳುತ್ತೇನೆ. ಮನೆಯ ಹೊಗೆ ಎಷ್ಟು? ಉಣ್ಣುವವರು ಎಷ್ಟು ಮಂದಿ, ಒಬ್ಬೊಬ್ಬರಿಗೆ ಎಷ್ಟು ರೊಟ್ಟಿ, ರೊಟ್ಟಿಯೊಂದಕ್ಕೆ ಎಷ್ಟು ಸೌದೆ, ಸೌದೆಯೊಂದಕ್ಕೆ ಎಷ್ಟು ಹೊಗೆ. ನಾಲ್ಕನ್ನೂ ಗುಣಿಸಿದರೆ ಉತ್ತರ. ದೇಶದ ಲೆಕ್ಕದಲ್ಲಿ ಉಣ್ಣುವವರು ಅಂದರೆ ಜನಸಂಖ್ಯೆ, ರೊಟ್ಟಿ ಅಂದರೆ ತಲಾ ಆದಾಯ, ಸೌದೆ ಅಂದರೆ ಆ ಆದಾಯಕ್ಕೆ ಬೇಕಾದ ಇಂಧನ, ಹೊಗೆ ಅಂದರೆ ಆ ಇಂಧನದ ಇಂಗಾಲ.

ಉಣ್ಣುವವರ ಬಾಯಿ ಮುಚ್ಚಿಸಲು ಆಗದು. ರೊಟ್ಟಿ ಕಡಿಮೆ ಮಾಡಿ ಅಂತ ಹಸಿದವನಿಗೆ ಹೇಳುವುದು ಧರ್ಮವಲ್ಲ. ರೊಟ್ಟಿ ಕಡಿಮೆಯಾದಾಗ ಹೊಗೆ ಕಡಿಮೆಯಾದದ್ದು ಉಂಟು. ಸೋವಿಯತ್ ದೇಶ 1991ರಲ್ಲಿ ಒಡೆದು ಅಲ್ಲಿನ ಕಾರ್ಖಾನೆಗಳು ನಿಂತಾಗ ಹೊಗೆ ಇಳಿಯಿತು. 2020ರಲ್ಲಿ ಕೊರೋನಾ ಬಂದು ಜಗತ್ತೇ ಬಾಗಿಲು ಹಾಕಿದಾಗ ಇಳಿದದ್ದು ಶೇಕಡಾ 5ರಷ್ಟು. ಕೂಲಿ ಕಾರ್ಮಿಕರು ನೂರಾರು ಮೈಲಿ ನಡೆದು ಊರು ಸೇರಿದ ಆ ವರ್ಷವನ್ನು ಯಾರೂ ಮಾದರಿ ಅನ್ನಲಾರರು. ಹಾಗಾದರೆ ಉಳಿದದ್ದು ಎರಡು: ಕಡಿಮೆ ಸೌದೆಯಲ್ಲಿ ರೊಟ್ಟಿ ಬೇಯಿಸುವುದು, ಇಲ್ಲವೇ ಹೊಗೆಯಿಲ್ಲದ ಸೌದೆ ಹುಡುಕುವುದು.

ಇಂಗ್ಲೆಂಡಿನ ಒಲೆ ಆರಿದ ದಿನ

ನಂಟು ಬಿಡಿಸಬಹುದು ಅನ್ನುವವರು ಮೊದಲು ತೋರಿಸುವುದು ಬ್ರಿಟನ್ನನ್ನು. ಕಲ್ಲಿದ್ದಲಿನಿಂದಲೇ ಸಾಮ್ರಾಜ್ಯ ಕಟ್ಟಿದ ದೇಶ ಅದು. ಜನರಿಗೆ ಕರೆಂಟು ಮಾರುವ ಕಲ್ಲಿದ್ದಲ ವಿದ್ಯುತ್ ಕೇಂದ್ರ ಲಂಡನ್ನಿನ ಹಾಲ್‌ಬರ್ನ್‌ನಲ್ಲಿ 1882ರಲ್ಲಿ ಶುರುವಾಯಿತು. ಆ ದೇಶದ ಕಟ್ಟಕಡೆಯ ಕಲ್ಲಿದ್ದಲ ವಿದ್ಯುತ್ ಸ್ಥಾವರ ರಾಟ್‌ಕ್ಲಿಫ್‌ನಲ್ಲಿತ್ತು. 2024ರ ಸೆಪ್ಟೆಂಬರ್ 30ರಂದು ಅದೂ ಮುಚ್ಚಿತು. 1990ರಿಂದ 2022ರ ನಡುವೆ ಆ ದೇಶದ ಆರ್ಥಿಕತೆ ಸುಮಾರು ಮುಕ್ಕಾಲು ಪಾಲಿಗೂ ಹೆಚ್ಚು ಬೆಳೆಯಿತು, ಒಳಗೆ ಬಿಟ್ಟ ಹೊಗೆ ಮಾತ್ರ ಅರ್ಧಕ್ಕೆ ಇಳಿಯಿತು. ಅಂದರೆ ಹೊಗೆ ಇಳಿದೂ ಹೊಟ್ಟೆ ತುಂಬಬಹುದು ಅನ್ನುವುದಕ್ಕೆ ಇದು ಸಾಕ್ಷಿ.

ಆದರೆ ಅದೇ ದಿನ ಅದೇ ದೇಶದಲ್ಲಿ ಇನ್ನೊಂದು ಬೆಂಕಿ ಆರಿತು. ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಟಾಟಾ ಸ್ಟೀಲ್‌ನವರ ಕೊನೆಯ ಊದುಕುಲುಮೆಯೂ 2024ರ ಸೆಪ್ಟೆಂಬರ್ 30ರಂದೇ ನಿಂತಿತು. ಅದರ ಜಾಗದಲ್ಲಿ ಗುಜರಿ ಕಬ್ಬಿಣ ಕರಗಿಸುವ ವಿದ್ಯುತ್ ಕುಲುಮೆ ಕಟ್ಟಲು ಅಲ್ಲಿನ ಸರ್ಕಾರ 50 ಕೋಟಿ ಪೌಂಡ್ ಕೊಡಲು ಒಪ್ಪಿತು. ಹೊಸ ಕುಲುಮೆ ಏಳುವ ತನಕ ಹೊರದೇಶದ ಉಕ್ಕಿನ ಗಟ್ಟಿ ತರಿಸುವುದು ಏರ್ಪಾಟು. ಆ ಗಟ್ಟಿ ಮಾಡಿದ ಹೊಗೆ ಬ್ರಿಟನ್ನಿನ ಲೆಕ್ಕಕ್ಕೆ ಬರುವುದಿಲ್ಲ, ಮಾಡಿದ ದೇಶದ ಲೆಕ್ಕಕ್ಕೆ ಹೋಗ್ತದೆ. ಹೊರಗಿನಿಂದ ತಂದ ಸಾಮಾನಿನ ಹೊಗೆಯನ್ನೂ ಸೇರಿಸಿದರೆ ಬ್ರಿಟನ್ನಿನ ಇಳಿತ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಹಾಗಂತ ಅದು ಸುಳ್ಳೂ ಅಲ್ಲ, ಆ ಲೆಕ್ಕದಲ್ಲೂ ಇಳಿದೇ ಇದೆ. ಒಂದಷ್ಟು ಹೊಗೆ ನಿಜವಾಗಿ ಆರಿದೆ, ಒಂದಷ್ಟು ಬೇರೆಯವರ ಹಿತ್ತಲಿಗೆ ಹೋಗಿದೆ ಅಂತ ಓದಿಕೊಳ್ಳಬೇಕು.

ಹಿತ್ತಲಿಗೆ ಬರುವುದು ಏನು ಅಂತ ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡು ಸಾವಿರದ ಇಸವಿಯ ನಂತರ ಚೀನಾದಲ್ಲಿ ಕುಲುಮೆಗಳು ಎದ್ದಾಗ ಅದಿರಿಗೆ ಬಂಗಾರದ ಬೆಲೆ ಬಂತು. ಬಳ್ಳಾರಿ, ಸಂಡೂರು, ಇತ್ತ ನಮ್ಮ ಓಬಳಾಪುರದ ಗುಡ್ಡಗಳಿಂದ ಲಾರಿಗಳು ಹಗಲೂ ರಾತ್ರಿ ಓಡಿದವು. ದಾರಿ ಪಕ್ಕದ ಬೆಳೆ ಮೇಲೆ ಕೆಂಪು ಧೂಳು. 2006ರ ಹೊತ್ತಿಗೆ ಹೊಗೆಯಲ್ಲಿ ಚೀನಾ ಅಮೆರಿಕವನ್ನು ದಾಟಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಯ ಸಾಲ ತೀರದೆ ಕೂತವರು ಎರಡೂ ರಾಜ್ಯದಲ್ಲಿದ್ದರು. ಎಲ್ಲೋ ಬೆಳವಣಿಗೆ, ಎಲ್ಲೋ ಹೊಗೆ, ಇನ್ನೆಲ್ಲೋ ಧೂಳು. ಮೂರೂ ಒಂದೇ ಸರಪಳಿ.

ತಲೆ ಲೆಕ್ಕ, ಟನ್ ಲೆಕ್ಕ

ಈಗ ನಮ್ಮ ದೇಶಕ್ಕೆ ಬರೋಣ. ಒಂದು ರೂಪಾಯಿ ಉತ್ಪನ್ನಕ್ಕೆ ಎಷ್ಟು ಹೊಗೆ ಅನ್ನುವ ಲೆಕ್ಕಕ್ಕೆ ಹೊಗೆಯ ತೀವ್ರತೆ ಅಂತಾರೆ. 2005ರಿಂದ 2020ರೊಳಗೆ ಭಾರತದ ತೀವ್ರತೆ ಶೇಕಡಾ 36ರಷ್ಟು ಇಳಿದಿದೆ ಅಂತ ಸರ್ಕಾರ ವಿಶ್ವಸಂಸ್ಥೆಗೆ ವರದಿ ಕೊಟ್ಟಿದೆ. 2030ಕ್ಕೆ ಶೇಕಡಾ 45 ಇಳಿಸುವುದು ಗುರಿ. ಸಂತೋಷದ ಸುದ್ದಿಯೇ. ಆದರೆ ಒಟ್ಟು ಹೊಗೆ? 2005ರಲ್ಲಿ ಇಂಧನ, ಸಿಮೆಂಟುಗಳ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 120 ಕೋಟಿ ಟನ್ ಇತ್ತು. 2023ರಲ್ಲಿ ಸುಮಾರು 300 ಕೋಟಿ ಟನ್. ರೊಟ್ಟಿಯೊಂದಕ್ಕೆ ಸೌದೆ ಕಡಿಮೆಯಾಯಿತು, ರೊಟ್ಟಿಗಳು ಅದಕ್ಕಿಂತ ಜಾಸ್ತಿಯಾದವು.

ಉಕ್ಕಿನಲ್ಲೇ ಇಟ್ಟು ನೋಡಿ. 2023-24ರಲ್ಲಿ ನಮ್ಮ ದೇಶ ಮಾಡಿದ ಉಕ್ಕು ಸುಮಾರು 14.4 ಕೋಟಿ ಟನ್. ಟನ್ನಿಗೆ ಎರಡೂವರೆಯಂತೆ ಹೊಗೆ 36 ಕೋಟಿ ಟನ್. 2017ರ ರಾಷ್ಟ್ರೀಯ ಉಕ್ಕು ನೀತಿಯ ಪ್ರಕಾರ 2030-31ಕ್ಕೆ ಉತ್ಪಾದನೆ 25.5 ಕೋಟಿ ಟನ್ ಆಗಬೇಕು. 2024ರ ಡಿಸೆಂಬರಿನಲ್ಲಿ ಉಕ್ಕು ಸಚಿವಾಲಯ ಹಸಿರು ಉಕ್ಕಿಗೆ ನಕ್ಷತ್ರದ ಗುರುತು ಕೊಟ್ಟಿತು: ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಹೊಗೆಯಾದರೆ ಮೂರು ನಕ್ಷತ್ರ, 1.6ಕ್ಕಿಂತ ಕಡಿಮೆಯಾದರೆ ಐದು. ಎಲ್ಲಾ ಕಾರ್ಖಾನೆಗಳೂ 2.2ಕ್ಕೆ ಬಂದವು ಅಂತಿಟ್ಟುಕೊಳ್ಳಿ. 25.5 ಕೋಟಿ ಟನ್ ಉಕ್ಕಿಗೆ ಹೊಗೆ 56 ಕೋಟಿ ಟನ್. ಅಂದರೆ 20 ಕೋಟಿ ಟನ್ ಹೆಚ್ಚೇ. ಒಟ್ಟು ಹೊಗೆ ಈಗಿನ 36 ಕೋಟಿಯಲ್ಲೇ ನಿಲ್ಲಬೇಕಾದರೆ ಟನ್ನಿಗೆ 1.4ಕ್ಕೆ ಇಳಿಯಬೇಕು. ದೇಶದ ಉಕ್ಕೆಲ್ಲ ಐದು ನಕ್ಷತ್ರದ್ದಾಗಬೇಕು. 'ನಾವು ಹೊಗೆ ಇಳಿಸಿದ್ದೇವೆ' ಅಂತ ಯಾರಾದರೂ ಹೇಳಿದರೆ, ಟನ್ನಿಗೆ ಇಳಿಸಿದಿರೋ ಒಟ್ಟು ಇಳಿಸಿದಿರೋ ಅಂತ ಕೇಳಬೇಕಾದದ್ದು ಇದಕ್ಕೇ.

ಉಳಿತಾಯದಿಂದಲೇ ಖರ್ಚು ಹೆಚ್ಚಾಗುವುದೂ ಉಂಟು. 1865ರಲ್ಲೇ ಇಂಗ್ಲೆಂಡಿನ ಜೆವನ್ಸ್ ಅನ್ನುವವರು ಇದನ್ನು ಬರೆದರು: ಹಬೆಯಂತ್ರ ಸುಧಾರಿಸಿ ಕಲ್ಲಿದ್ದಲು ಕಡಿಮೆ ಸಾಕಾದ ಮೇಲೆ ಯಂತ್ರಗಳೇ ಹೆಚ್ಚಾಗಿ, ಸುಡುವ ಕಲ್ಲಿದ್ದಲೂ ಹೆಚ್ಚಾಯಿತು ಅಂತ. ಹನಿ ನೀರಾವರಿ ಮಾಡಿದ ನಮಗಿದು ಹೊಸದಲ್ಲ. ಡ್ರಿಪ್ ಹಾಕಿದಾಗ ಎಕರೆಗೆ ನೀರು ಉಳಿಯಿತು. ಉಳಿದ ನೀರಿಗೆ ಇನ್ನೆರಡು ಎಕರೆ ದಾಳಿಂಬೆ ಇಟ್ಟವರು ನಮ್ಮೂರಲ್ಲಿ ಎಷ್ಟೋ ಮಂದಿ. ಬೋರಿನ ನೀರು ಮೇಲೇನೂ ಬರಲಿಲ್ಲ.

ಹಾಗಂತ ಭಾರತ ಬೆಳೆಯಬಾರದೇ? ಈ ಪ್ರಶ್ನೆಗೆ ಉತ್ತರ ಸ್ಪಷ್ಟ. ನಮ್ಮಲ್ಲಿ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಸುಮಾರು ಎರಡು ಟನ್ ಹೊಗೆ, ಅಮೆರಿಕದಲ್ಲಿ ಹದಿನಾಲ್ಕರಷ್ಟು. ಕಾರ್ಖಾನೆಗಳ ಕಾಲದಿಂದ ಈವರೆಗೆ ಗಾಳಿಗೆ ಬಿಟ್ಟ ಇಂಗಾಲದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಮೆರಿಕದ್ದೊಂದೇ. ಉಂಡವರು ಎದ್ದು ಹೋಗುವಾಗ ಎಲೆ ಎತ್ತುವ ಕೆಲಸ ಈಗ ಪಂಕ್ತಿಗೆ ಕೂತವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಗುಜರಿ ಕರಗಿಸಿ ಉಕ್ಕು ಮಾಡಿ ಅನ್ನುವುದೂ ಅಷ್ಟು ಸಲೀಸಲ್ಲ. ನೂರೈವತ್ತು ವರ್ಷ ಉಕ್ಕು ಬಳಸಿದ ದೇಶದಲ್ಲಿ ಗುಜರಿ ರಾಶಿ ಇರ್ತದೆ. ತಲಾ ನೂರು ಕಿಲೋ ಆಸುಪಾಸಿನ ಉಕ್ಕು ಬಳಸುವ ನಮ್ಮಲ್ಲಿ, ಮನೆಗೆ ಈಗ ತಾನೇ ಸರಳು ಹಾಕುತ್ತಿರುವ ಊರುಗಳಲ್ಲಿ, ಗುಜರಿ ಎಲ್ಲಿಂದ ಬರಬೇಕು? ಇಷ್ಟೆಲ್ಲ ನಿಜವಾದರೂ ಮೋಡಕ್ಕೆ ಈ ನ್ಯಾಯ ಗೊತ್ತಿಲ್ಲ. 2024 ಈವರೆಗೆ ದಾಖಲಾದ ಅತಿ ಬಿಸಿಯ ವರ್ಷ. ಮಳೆ ನಂಬಿದ ಅನಂತಪುರದ ಹೊಲಕ್ಕೆ ಬಿಸಿ ಏರಿದರೆ ಮೊದಲು ಒಣಗುವುದು ನಮ್ಮದೇ ಬೆಳೆ.

ಗಡಿಯಲ್ಲಿ ಹೊಸ ಸುಂಕ

ವ್ಯಾಪಾರದ ಬಂಧುಗಳು ಇದನ್ನು ಗಮನಿಸಬೇಕು. ಯುರೋಪಿನ ಒಕ್ಕೂಟ ತನ್ನ ಗಡಿಯಲ್ಲಿ ಇಂಗಾಲದ ಸುಂಕದ ಪದ್ಧತಿ ತಂದಿದೆ. 2023ರ ಅಕ್ಟೋಬರ್ 1ರಿಂದ ಲೆಕ್ಕ ಒಪ್ಪಿಸುವುದಷ್ಟೇ ಇತ್ತು. 2026ರ ಜನವರಿ 1ರಿಂದ ಬರುವ ಮಾಲಿಗೆ ಹಣದ ಹೊಣೆಯೂ ಸೇರಿತು. ಕಬ್ಬಿಣ-ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರ ಇದರೊಳಗೆ ಬರ್ತಾವೆ. ಹೊಗೆ ಜಾಸ್ತಿಯಾದ ಉಕ್ಕಿಗೆ ಅಲ್ಲಿ ಬೆಲೆ ಜಾಸ್ತಿ, ಅಂದರೆ ಗಿರಾಕಿ ಕಡಿಮೆ. ಇದು ಬಡದೇಶಗಳ ಮೇಲೆ ಹೊರೆ ಅಂತ ಭಾರತ ಸರ್ಕಾರ ಆಕ್ಷೇಪ ಎತ್ತಿದೆ. ಅದು ಸರಿಯೇ ಇರಬಹುದು, ಆದರೂ ಅಂಗಡಿಯವನಿಗೆ ಗೊತ್ತು: ಗಿರಾಕಿ ಕೇಳುವ ಮಾಲು ಇಡದವನ ಅಂಗಡಿ ನಡೆಯದು. ಇಷ್ಟು ದಿನ ಹೊಗೆ ಅಗ್ಗದ ದಾರಿಯಾಗಿತ್ತು. ಇನ್ನು ಮುಂದೆ ಹೊಗೆಗೂ ತೂಕ, ತೂಕಕ್ಕೆ ದರ. ಕೋಕ್ ಬದಲು ಹೈಡ್ರೋಜನ್ ಬಳಸಿದರೆ ಅದಿರಿನ ಆಮ್ಲಜನಕ ನೀರಿನ ಹಬೆಯಾಗಿ ಹೋಗ್ತದೆ. ಸ್ವೀಡನ್ನಿನವರು 2021ರಲ್ಲಿ ಅಂಥ ಉಕ್ಕು ಮಾಡಿ ತೋರಿಸಿದ್ದಾರೆ. ಆ ಹೈಡ್ರೋಜನ್ ತಯಾರಿಸಲು ಹೊಗೆಯಿಲ್ಲದ ಕರೆಂಟು ರಾಶಿ ರಾಶಿ ಬೇಕು.

ಆ ಕರೆಂಟು ಎಲ್ಲಿಂದ? ನಮ್ಮ ಸೀಮೆಯ ಬಿಸಿಲಿನಿಂದ, ಗಾಳಿಯಿಂದಲೇ ತಾನೆ. ಪಾವಗಡದ ಸೋಲಾರ್ ಪಾರ್ಕು 2050 ಮೆಗಾವಾಟಿನದ್ದು, 2019ರ ಕೊನೆಗೆ ಪೂರ್ತಿಯಾಯಿತು. ತಿರುಮಣಿ, ವಳ್ಳೂರು ಸೇರಿ ಐದು ಊರಿನ ರೈತರ ಜಮೀನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ ಅಂತ ಕರಾರು. ಮಳೆ ಬರಲಿ ಬಿಡಲಿ ದುಡ್ಡು ಬರ್ತದೆ. ಬರಗಾಲದ ನೆಲಕ್ಕೆ ಇದು ಸಣ್ಣ ಮಾತಲ್ಲ. ಆದರೆ ಜಮೀನಿದ್ದವರಿಗೆ ಗುತ್ತಿಗೆ ಬಂತು. ಅದೇ ಹೊಲದಲ್ಲಿ ಕಳೆ ತೆಗೆದು, ಶೇಂಗಾ ಬಿಡಿಸಿ ಬದುಕುತ್ತಿದ್ದ ಜಮೀನಿಲ್ಲದವರಿಗೆ ಕೂಲಿ ಹೋಯಿತು, ಕುರಿಯವರಿಗೆ ಮೇವಿನ ಬೀಳು ಹೋಯಿತು. ಹಲಗೆ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಅಷ್ಟು ಜನಕ್ಕೆ ಸಾಲುವುದಿಲ್ಲ. ಹೊಗೆಯಿಲ್ಲದ ಸಿರಿಯಲ್ಲೂ ಪಾಲಿನ ಜಗಳ ತಪ್ಪದು.

ಇನ್ನೊಂದು ಎಚ್ಚರಿಕೆ. ದೇಶದ ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧ ಈಗ ಕಲ್ಲಿದ್ದಲು, ತೈಲ, ಅನಿಲ ಬೇಡದ್ದು ಅಂತ 2025ರಲ್ಲಿ ಸರ್ಕಾರ ಸಾರಿತು. ಸಾಮರ್ಥ್ಯ ಅಂದರೆ ಬಾವಿಯ ಅಳತೆ, ಸೇದಿದ ನೀರಲ್ಲ. ಸೂರ್ಯ ಮುಳುಗಿದ ಮೇಲೆ ಹಲಗೆ ಮಲಗ್ತಾವೆ. ನಿಜವಾಗಿ ತಯಾರಾಗುವ ಕರೆಂಟಿನಲ್ಲಿ ದೊಡ್ಡ ಪಾಲು ಇವತ್ತಿಗೂ ಕಲ್ಲಿದ್ದಲಿನದ್ದೇ. ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡುವ ಬ್ಯಾಟರಿ, ಜಲಾಶಯಗಳ ಕೆಲಸ ಬೆಳೆದಷ್ಟೂ ಈ ಲೆಕ್ಕ ಬದಲಾಗುತ್ತದೆ.

ಅಣ್ಣನ ಮಗನಿಗೆ ನಾನು ಹೇಳಿದ್ದು ಇಷ್ಟೇ: ಕಾರ್ಖಾನೆ ಇರಬೇಕು, ಅದರ ಬೆಂಕಿ ಬದಲಾಗಬೇಕು. ಬದಲಾಗದಿದ್ದರೆ ಸುಂಕದ ಹೊಡೆತಕ್ಕೆ ಮೊದಲು ಹೋಗುವುದು ಗುತ್ತಿಗೆ ಕೆಲಸಗಾರನದ್ದೇ ಕೆಲಸ. ಪೋರ್ಟ್ ಟಾಲ್ಬಟ್‌ನಲ್ಲಿ ಕುಲುಮೆ ಆರಿದಾಗ ಎರಡು ಸಾವಿರದಷ್ಟು ಕೆಲಸ ಹೋದವು. ಆದ್ದರಿಂದ ಹೊಸ ಕೆಲಸ ಕಲಿಸುವ ಮಾತು ಕುಲುಮೆ ಆರುವ ಮುಂಚೆ ಆಗಬೇಕು.

ಹೊಸ ಕಾರ್ಖಾನೆಯೋ ವಿಸ್ತರಣೆಯೋ ಬಂದಾಗ 2006ರ ಪರಿಸರ ಅಧಿಸೂಚನೆಯಂತೆ ಬಹಳಷ್ಟು ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಯೋಜನೆ ಕರ್ನಾಟಕದ್ದಾದರೆ ಅದು ಕನ್ನಡದಲ್ಲಿರ್ತದೆ, ಆಂಧ್ರದ್ದಾದರೆ ತೆಲುಗಿನಲ್ಲಿ. ಗಡಿಯ ನಾವು ಎರಡನ್ನೂ ಓದಬಲ್ಲೆವು. ಓದಿ ಮೂರು ಪ್ರಶ್ನೆ ಬರೆದು ಕಳಿಸೋಣ. ಒಟ್ಟು ಹೊಗೆ ಎಷ್ಟು, ಟನ್ನಿಗೆ ಎಷ್ಟು? ಕರೆಂಟು ಎಲ್ಲಿಂದ? ಜಮೀನಿಲ್ಲದವನಿಗೆ ಇದರಲ್ಲಿ ಪಾಲೇನು? ಮುಂದಿನ ಸಭೆಯ ನೋಟೀಸು ಪತ್ರಿಕೆಯಲ್ಲಿ ಬಂದರೆ ತಾರೀಕು ಗುರುತು ಹಾಕಿಕೊಂಡು ಆ ಕಡೆಯ ಬೀಗರಿಗೂ ಒಂದು ಮಾತು ತಿಳಿಸಿ.